ಪತ್ತನಾಜೆಯೊಳಗೆ ಮುಗಿಯಬೇಕಾದ ಕೆಲಸಗಳು: ಕಡಿಮೆ ಖರ್ಚಿನಲ್ಲಿ ಮಳೆಗಾಲಕ್ಕೆ ಮನೆ ತಯಾರಿ

ಡಿಸೆಂಬರ್ ಬಂತೆಂದರೆ ಘಟ್ಟದ ಮೇಲಿನ ನೆಂಟರು ಫೋನ್ ಮಾಡಿ "ಚಳಿ ಹೇಗಿದೆ ನಿಮ್ಕಡೆ?" ಎಂದು ಕೇಳುತ್ತಾರೆ. ಉಡುಪಿಯ ಚಳಿಗಾಲವೆಂದರೆ ಬೆಳಗಿನ ಜಾವ ಫ್ಯಾನಿನ ವೇಗ ಕಡಿಮೆ ಮಾಡಿ ಕಾಲ ಮೇಲೆ ಒಂದು ಹೊದಿಕೆ ಎಳೆದುಕೊಳ್ಳುವುದು, ಅಷ್ಟೆ. ಅದಕ್ಕೆ ತಯಾರಿ ಬೇಡ. ನಮ್ಮ ಮನೆಗಳು ತಯಾರಾಗಬೇಕಾದದ್ದು ಮಳೆಗೆ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಸುರಿಯುವ ಊರು ಇದು. ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗಿಯುತ್ತದೆ. ಮನೆಖರ್ಚಿನ ಪುಸ್ತಕ ನೋಡಿದರೆ ಗೊತ್ತಾಗುತ್ತದೆ, ವರ್ಷದ ಅನಿರೀಕ್ಷಿತ ಖರ್ಚುಗಳೆಲ್ಲ ಜುಲೈ ಪುಟದಲ್ಲೇ ಇರುತ್ತವೆ.

ನಮ್ಮದು ಎದುರು ಭಾಗ ಹಂಚಿನ ಹಳೆ ಮನೆ, ಹಿಂದೆ ಆಮೇಲೆ ಕಟ್ಟಿಸಿದ ಟೆರೇಸು. ಮನೆಯಲ್ಲಿ ಐದು ಜನ. ಮದುವೆಯಾಗಿ ಬಂದ ಮೊದಲ ಕೆಲವು ವರ್ಷ ನಾನು ಮಳೆಗಾಲದ ತಯಾರಿ ಎಂದರೆ ಅಂಗಡಿಗೆ ಹೋಗಿ ಸಾಮಾನು ತರುವುದು ಎಂದುಕೊಂಡಿದ್ದೆ. ಟಾರ್ಪಾಲು, ರೈನ್‌ಕೋಟು, ಸೊಳ್ಳೆ ಬತ್ತಿ, ಡೋರ್‌ಮ್ಯಾಟು. ಅತ್ತೆ ಏನೂ ಹೇಳದೆ ನೋಡುತ್ತಿದ್ದರು. ಒಮ್ಮೆ ಮಾತ್ರ ಹೇಳಿದರು, "ಅಂಗಡಿ ಜೂನಲ್ಲಿ ಸಹ ತೆರೆದಿರ್ತದೆ ಮಾರಾಯ್ತಿ. ಬಿಸಿಲು ಇರ್ತದಾ?"

ಆಮೇಲೆ ನಮ್ಮ ಮನೆಯ ಲೆಕ್ಕಾಚಾರ ಈ ಮಾತಿನ ಮೇಲೆಯೇ ನಿಂತಿದೆ. ಮೇ ತಿಂಗಳ ಬಿಸಿಲು ಪುಕ್ಕಟೆ. ಬಿಸಿಲು ಬೇಕಾದ ಕೆಲಸ ಮೊದಲು, ಕೆಲಸದವರು ಬೇಕಾದದ್ದು ಅದರ ಜೊತೆಗೆ, ದುಡ್ಡು ಮಾತ್ರ ಬೇಕಾದದ್ದು ಕೊನೆಗೆ. ಗಡುವು ಪತ್ತನಾಜೆ, ಅಂದರೆ ತುಳುವಿನ ಬೇಶ ತಿಂಗಳ ಹತ್ತನೇ ದಿನ, ಮೇ 24 ಅಥವಾ 25ಕ್ಕೆ ಬರುತ್ತದೆ. ಅಂದು ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುತ್ತವೆ, ದೈವಗಳ ನೇಮ–ಕೋಲಗಳು ನಿಲ್ಲುತ್ತವೆ. ಮೇಳದವರೇ ಪೆಟ್ಟಿಗೆ ಕಟ್ಟಿದ ಮೇಲೆ ನಾವು ಹಂಚು ಹತ್ತುವುದು ಎಂತ ಬುದ್ಧಿ?

ಮೊದಲ ಸುತ್ತು: ಪುಸ್ತಕ ಹಿಡಿದುಕೊಂಡು

ಏಪ್ರಿಲ್ ಕೊನೆಯ ಒಂದು ಭಾನುವಾರ ಮನೆಯ ಸುತ್ತ ಒಂದು ಸುತ್ತು ಬನ್ನಿ. ಮಕ್ಕಳ ಹಳೆ ನೋಟ್‌ಬುಕ್ಕಿನ ಖಾಲಿ ಹಾಳೆ ಸಾಕು. ಗೋಡೆಯ ಕಲೆ, ಕೊಳೆತ ರೀಪು (ಹಂಚು ಕೂರುವ ಮರದ ಪಟ್ಟಿ), ತುಂಬಿದ ಚರಂಡಿ, ತಂತಿಗೆ ವಾಲಿದ ಗೆಲ್ಲು, ಮುಚ್ಚದ ಟ್ಯಾಂಕಿ, ಕಂಡದ್ದೆಲ್ಲ ಬರೆಯಿರಿ. ಕಳೆದ ಮಳೆಗಾಲದಲ್ಲಿ ಬಕೆಟ್ ಎಲ್ಲೆಲ್ಲಿ ಇಟ್ಟಿದ್ದಿರಿ ಎಂಬುದನ್ನು ಮನೆಯ ಹಿರಿಯರನ್ನು ಕೇಳಿ ಬರೆದುಕೊಳ್ಳಿ. ನೀರು ಸೋರುವ ಜಾಗ ಬೇಸಿಗೆಯಲ್ಲಿ ಕಣ್ಣಿಗೆ ಕಾಣುವುದಿಲ್ಲ, ನೆನಪಿನಲ್ಲಷ್ಟೇ ಇರುತ್ತದೆ.

ಪ್ರತಿಯೊಂದರ ಎದುರು ಬಿಸಿಲು, ಜನ, ಅಂಗಡಿ ಈ ಮೂರರಲ್ಲಿ ಒಂದನ್ನು ಬರೆಯಿರಿ. 'ಜನ' ಎಂದು ಬರೆದದ್ದಕ್ಕೆ ಅದೇ ದಿನ ಫೋನ್ ಮಾಡಿ. ಹಂಚಿನ ಕೆಲಸದವರು, ಕಟ್ಟಿಗೆ ಒಡೆಯುವವರು, ತೆಂಗಿನ ಮರ ಹತ್ತುವವರು ಮೇ 15 ದಾಟಿದ ಮೇಲೆ ಸಿಗುವುದಿಲ್ಲ. ಸಿಕ್ಕಿದರೂ ಸಂಬಳ ಅವರು ಹೇಳಿದಷ್ಟು.

ಮಾಡು

ಖರ್ಚು ಉಳಿಸಲೇಬೇಕೆಂದಿದ್ದರೆ ಬೇರೆ ಎಲ್ಲಿಯಾದರೂ ಉಳಿಸಿ, ಮಾಡಿನಲ್ಲಿ, ಅಂದರೆ ಛಾವಣಿಯಲ್ಲಿ, ಬೇಡ. ಒಂದು ಹಂಚು ಸೋರಿದರೆ ಅದರ ಕೆಳಗಿನ ರೀಪು ಕೊಳೆಯುತ್ತದೆ, ರೀಪು ಹೋದರೆ ಅದನ್ನು ಹೊರುವ ಪಕ್ಕಾಸು, ಪಕ್ಕಾಸಿಗೆ ಬಂದರೆ ಬಡಗಿ. ಹಂಚು ಬದಲಿಸಲು ನೂರರ ಲೆಕ್ಕ, ಪಕ್ಕಾಸು ಬದಲಿಸಲು ಸಾವಿರದ ಲೆಕ್ಕ.

ಹಂಚಿನ ಮಾಡು ಸೋರಲು ಹೆಚ್ಚಾಗಿ ಮೂರೇ ಕಾರಣ: ಒಡೆದದ್ದು, ಜಾರಿದ್ದು, ಸಂದಿಯಲ್ಲಿ ಕಸ ತುಂಬಿದ್ದು. ಮೂರನೆಯದನ್ನು ಯಾರೂ ನೋಡುವುದಿಲ್ಲ. ಮಾವಿನ ಎಲೆ, ಧೂಳು, ಒಣಗಿದ ಪಾಚಿ ಎಲ್ಲ ಸೇರಿ ಹಂಚಿನ ಕಾಲುವೆಯಲ್ಲಿ ಕೂತರೆ ಹರಿಯಬೇಕಾದ ನೀರು ಅಲ್ಲೇ ನಿಂತು, ಅಡ್ಡಕ್ಕೆ ಹೋಗಿ, ಒಳಗೆ ಇಳಿಯುತ್ತದೆ. ಆಗ ಹಂಚು ಬದಲಿಸಬೇಕಾಗಿಲ್ಲ, ತೆಗೆದು ತೆಂಗಿನ ಗರಿಯ ಹಿಡಿಯಿಂದ ಗುಡಿಸಿ ಮತ್ತೆ ಇಟ್ಟರೆ ಸಾಕು. ನಮ್ಮಲ್ಲಿ ಈಗ ಮಂಗ, ನವಿಲುಗಳ ಕಾಟವೂ ಉಂಟು. ನವಿಲು ನೋಡಲು ಚಂದ, ಹಂಚಿನ ಮೇಲೆ ಇಳಿಯುವಾಗ ಅಲ್ಲ.

ಹಂಚು ಕೊಳ್ಳುವ ಮುನ್ನ ನಿಮ್ಮ ಮನೆಯ ಒಂದು ಹಂಚನ್ನು ಬೋರಲು ಹಾಕಿ ನೋಡಿ. ಕೆಳಗೆ ಕಾರ್ಖಾನೆಯ ಹೆಸರು ಅಥವಾ ಗುರುತು ಅಚ್ಚಾಗಿರುತ್ತದೆ. ಮಂಗಳೂರಿನಲ್ಲಿ ಬಾಸೆಲ್ ಮಿಷನ್‌ನವರು 1860ರ ದಶಕದಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿದ ಮೇಲೆ ಹತ್ತಾರು ಕಾರ್ಖಾನೆಗಳು ಬಂದವು, ಎಲ್ಲರ ಹಂಚೂ ಮೇಲ್ನೋಟಕ್ಕೆ ಒಂದೇ. ಆದರೆ ಒಂದಕ್ಕೊಂದು ಕಚ್ಚಿ ಕೂರುವ ಅಂಚಿನಲ್ಲಿ ಒಂದೆರಡು ನೂಲಿನ ವ್ಯತ್ಯಾಸ ಇರುತ್ತದೆ. ನಾನು ಒಮ್ಮೆ ಅಗ್ಗಕ್ಕೆ ಸಿಕ್ಕಿತೆಂದು ಬೇರೆ ಗುರುತಿನ 40 ಹಂಚು ತಂದು ಹಾಕಿಸಿದ್ದೆ. ಒಂದೂ ಒಡೆದಿರಲಿಲ್ಲ, ಆದರೆ ಚಾವಡಿಯಲ್ಲಿ ಸಾಲಾಗಿ ಹನಿ ಬೀಳುತ್ತಿತ್ತು. ಹಳೆ ಮನೆ ಕೆಡವುವ ಕಡೆ ಹೋದರೆ ಹೊಸದರ ಅರ್ಧ ಬೆಲೆಗೂ ಕಡಿಮೆಯಲ್ಲಿ ನಿಮ್ಮದೇ ಗುರುತಿನ ಹಂಚು ಸಿಗಬಹುದು. ಒಂದೊಂದನ್ನೂ ಕೈಯಲ್ಲಿ ತೂಗಿ ಹಿಡಿದು ಬೆರಳ ಗೆಣ್ಣಿನಿಂದ ಬಡಿಯಿರಿ. ಠಣ್ ಎಂದರೆ ತನ್ನಿ; ಬೊದ್ದು ಸದ್ದು ಬಂದರೆ ಒಳಗೆ ಸೀಳು ಇದೆ. ಬೇಕಾದದ್ದಕ್ಕಿಂತ ಹತ್ತು ಹೆಚ್ಚು ತಂದು ಕೊಟ್ಟಿಗೆಯ ಹಿಂದೆ ಇಡಿ.

ಮಾಡು ಹತ್ತಲು ನೀವೇ ಹೊರಡಬೇಡಿ. ಎಲ್ಲಿ ಕಾಲಿಟ್ಟರೆ ಹಂಚು ತಡೆಯುತ್ತದೆ, ಎಲ್ಲಿ ಒಡೆಯುತ್ತದೆ ಎಂಬುದು ಹತ್ತಿ ಹತ್ತಿ ಅಭ್ಯಾಸವಾದವರಿಗೆ ಮಾತ್ರ ಗೊತ್ತು. ಒಂದು ವರ್ಷ ಮೊದಲ ಮಳೆ ಬಿದ್ದ ಮೇಲೆ ಕರೆದಿದ್ದೆ, ಕೆಲಸದವರು ಕೆಳಗೆ ನಿಂತೇ ತಲೆ ಎತ್ತಿ ನೋಡಿ, "ಎಂತಕ್ಕಾ, ಈಗ ಹತ್ತಿದ್ರೆ ಹಂಚಿನೊಟ್ಟಿಗೆ ನಾನೂ ಬೀಳ್ತೇನೆ" ಎಂದು ಏಣಿ ತೆಗೆದುಕೊಂಡು ಹೋದರು. ತಪ್ಪು ಅವರದ್ದಲ್ಲ. ಕಳೆದ ವರ್ಷ ಮೇ ಮೊದಲ ವಾರದಲ್ಲೇ ಕರೆದಿದ್ದಕ್ಕೆ ಇಬ್ಬರು ಒಂದೇ ದಿನದಲ್ಲಿ ಪೂರ್ತಿ ಮಾಡು ಗುಡಿಸಿ, 26 ಹಂಚು ಬದಲಿಸಿ ಇಳಿದರು.

ಮಳೆಗಾಲದ ನಡುವೆ ಒಂದು ಹಂಚು ಒಡೆದರೆ ತಾತ್ಕಾಲಿಕ ಉಪಾಯ ಒಂದುಂಟು. ಚಾವಡಿಯ ಒಳಗಿನಿಂದ ಮೇಜಿನ ಮೇಲೆ ನಿಂತು, ಒಡೆದ ಹಂಚನ್ನು ಮೆಲ್ಲಗೆ ಎತ್ತಿ, ಅದರ ಅಡಿಗೆ ಅಡಿಕೆ ಹಾಳೆಯನ್ನು ಇಳಿಜಾರಿಗೆ ಸರಿಯಾಗಿ ತೂರಿಸಿ. ಹಾಳೆಯ ಮೇಲಿನ ತುದಿ ಮೇಲಿನ ಹಂಚಿನ ಅಡಿಗೆ, ಕೆಳ ತುದಿ ಕೆಳಗಿನ ಹಂಚಿನ ಮೇಲಕ್ಕೆ ಬರಬೇಕು. ಉಲ್ಟಾ ಆದರೆ ಒಡೆದ ಹಂಚಿಗಿಂತ ಹೆಚ್ಚು ಸೋರುತ್ತದೆ.

ಟೆರೇಸಿನ ಕಥೆ ಬೇರೆ. ಅಲ್ಲಿ ಬಿರುಕಿಗಿಂತ ಮೊದಲು ನೀರು ಹೊರಹೋಗುವ ಪೈಪು ನೋಡಿ. ಒಂದು ರಾತ್ರಿ ನಮ್ಮ ಟೆರೇಸಿನಲ್ಲಿ ನಾಲ್ಕು ಬೆರಳು ನೀರು ನಿಂತು, ಮೆಟ್ಟಿಲ ಬಾಗಿಲ ಸಂದಿಯಿಂದ ಇಳಿದು, ಮಕ್ಕಳ ಪುಸ್ತಕದ ಕಪಾಟಿನವರೆಗೆ ಬಂದಿತ್ತು. ಬೆಳಿಗ್ಗೆ ಪೈಪಿಗೆ ಕೋಲು ಹಾಕಿದರೆ ಹೊರಬಂದದ್ದು ಒಂದು ಶಟಲ್ ಕಾಕ್, ಅದರ ಸುತ್ತ ಎಲೆ. ಈಗ ಪ್ರತಿ ಮೇ ತಿಂಗಳಲ್ಲಿ ಎರಡು ಬಕೆಟ್ ನೀರು ಸುರಿದು, ಕೆಳಗೆ ಎಷ್ಟು ಹೊತ್ತಿಗೆ ಬರುತ್ತದೆ ಎಂದು ನೋಡುತ್ತೇವೆ. ಪೈಪಿನ ಬಾಯಿಗೆ ಚಪ್ಪಟೆ ಜಾಲರಿ ಹಾಕಬೇಡಿ, ನಾಲ್ಕು ಎಲೆ ಬಿದ್ದರೆ ಅದೇ ಮುಚ್ಚಳವಾಗುತ್ತದೆ. ಬುಟ್ಟಿಯ ಹಾಗೆ ಉಬ್ಬಿದ ಜಾಲರಿ ಹಾಕಿ. ಎಲೆ ಬುಡದಲ್ಲಿ ನಿಂತರೂ ನೀರು ಮೇಲಿನಿಂದ ಹೋಗುತ್ತದೆ.

ಬಿರುಕಿಗೆ ಸಿಮೆಂಟು ಮೆತ್ತುವುದು ದುಡ್ಡು ದಂಡ. ಬಿರುಕನ್ನು ಉಳಿಯಿಂದ ಸ್ವಲ್ಪ ಅಗಲ ಮಾಡಿ, ಧೂಳು ತೆಗೆದು, ಪೂರ್ತಿ ಒಣಗಿದ ಮೇಲೆ ಬಿರುಕಿಗೆಂದೇ ಬರುವ ಪೇಸ್ಟು ತುಂಬಿ, ಅದು ಗಟ್ಟಿಯಾದ ಮೇಲೆ ವಾಟರ್‌ಪ್ರೂಫ್ ಬಣ್ಣ ಎರಡು ಕೈ ಹೊಡೆಯಬೇಕು. ಒಂದು ಕೈಗೂ ಇನ್ನೊಂದಕ್ಕೂ ನಡುವೆ ಬಿಸಿಲು ಬೇಕು. ಜೂನ್‌ನಲ್ಲಿ ಇದನ್ನು ಯಾರಾದರೂ ಮಾಡಿಕೊಡುತ್ತೇನೆ ಎಂದರೆ ನಂಬಬೇಡಿ.

ಹಂಚಿನ ಅಂಚಿನಲ್ಲಿ ಮಳೆನೀರು ಹಿಡಿಯುವ ದಂಬೆ ಶುಚಿ ಮಾಡುವಾಗಲೇ ಇನ್ನೊಂದು ಯೋಚನೆ ಮಾಡಬಹುದು. ಒಂದು ಚದರ ಮೀಟರ್ ಮಾಡಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಸಾವಿರ ಚದರ ಅಡಿಯ ಮಾಡಿಗೆ ವರ್ಷದಲ್ಲಿ ಮೂರೂವರೆ ಲಕ್ಷ ಲೀಟರಿಗೂ ಹೆಚ್ಚು ನೀರು ಬೀಳುತ್ತದೆ. ಏಪ್ರಿಲ್‌ನಲ್ಲಿ ಟ್ಯಾಂಕರಿಗೆ ದುಡ್ಡು ಕೊಡುವವರು ನಾವೇ. ದಂಬೆಯಿಂದ ಒಂದು ಪೈಪು ಇಳಿಸಿ, ಜಲ್ಲಿ, ಇದ್ದಿಲು, ಮರಳು ತುಂಬಿದ ಡ್ರಮ್ಮಿನ ಮೂಲಕ ಬಾವಿಗೆ ಬಿಟ್ಟರೆ ಬೇಸಿಗೆಯ ಖರ್ಚು ಇಳಿಯುತ್ತದೆ. ಮೊದಲ ಎರಡು ಮೂರು ಮಳೆಯ ನೀರನ್ನು ಮಾತ್ರ ಹೊರಗೆ ಬಿಡಿ, ಅದು ಮಾಡು ತೊಳೆದ ನೀರು.

ಅಂಗಳ, ಎರಚಲು, ಕಟ್ಟಿಗೆ

ಪಶ್ಚಿಮದ ಕಡೆಯ ಕಿಟಕಿ, ಜಗಲಿಗೆ ಎರಚಲು ಹೊಡೆಯುತ್ತದೆ. ಹೆಣೆದ ಮಡಲಿನ (ತೆಂಗಿನ ಗರಿಯ) ತಟ್ಟಿ ಕಟ್ಟಿದರೆ ಒಂದು ಮಳೆಗಾಲ ಬಾಳುತ್ತದೆ, ಗಾಳಿಯೂ ಆಡುತ್ತದೆ. ಪ್ಲಾಸ್ಟಿಕ್ ಹಾಳೆ ಕಟ್ಟಿದರೆ ಅಗ್ಗ, ಆದರೆ ಗಾಳಿಗೆ ರಾತ್ರಿಯಿಡೀ ಪಟಪಟ ಬಡಿಯುತ್ತದೆ, ಒಳಗಿನ ಗೋಡೆಗೆ ಬೂಷ್ಟು ಹಿಡಿಯುತ್ತದೆ. ಮನೆಯಲ್ಲಿ ತೆಂಗಿನ ಮರ ಇದ್ದವರು ಮಡಲು ಸುಡುವ ಮೊದಲು ಒಮ್ಮೆ ಯೋಚಿಸಿ.

ಅಂಗಳದ ನೀರು ಯಾವ ಕಡೆಗೆ ಹೋಗುತ್ತದೆ ಎಂದು ನೋಡಿ, ಕಣಿ (ನೀರು ಹರಿಯುವ ಕಾಲುವೆ) ಬಿಡಿಸಿ. ಕಣಿಯ ಮಣ್ಣನ್ನು ದಂಡೆಯಲ್ಲೇ ಗುಡ್ಡೆ ಹಾಕಿದರೆ ಮೊದಲ ಮಳೆಗೇ ವಾಪಸು ಬರುತ್ತದೆ. ನಡೆಯುವ ದಾರಿಗೆ ಪಾಚಿ ಹಿಡಿದು ಜಾರುತ್ತದೆ. ಅಡಿಕೆ ಮರದ ಸಲಾಕೆಗಳನ್ನು ಅಡ್ಡ ಹಾಸಿದರೆ ಸೊಂಟ ಉಳಿಯುತ್ತದೆ. ಹಿರಿಯರಿರುವ ಮನೆಯಲ್ಲಿ ಬಚ್ಚಲಿಗೆ ಹೋಗುವ ದಾರಿಗಾದರೂ ಹಾಸಿ.

ಹಂಡೆಯಲ್ಲಿ ನೀರು ಕಾಯಿಸುವ ಮನೆಗಳಿಗೆ ಕಟ್ಟಿಗೆ ಮೇ ಒಳಗೆ ಒಡೆದು, ಬಿಸಿಲಿಗೆ ಒಣಗಿಸಿ, ಮಾಡಿನ ಅಡಿಗೆ ಸೇರಿಸಬೇಕು. ಹಸಿ ಕಟ್ಟಿಗೆ ಹೊಗೆಯೇ ಹೆಚ್ಚು, ಶಾಖ ಕಡಿಮೆ. ಗೆರಟೆ (ತೆಂಗಿನ ಚಿಪ್ಪು), ಕೊತ್ತಳಿಗೆ (ಮಡಲಿನ ಬುಡ), ಸಿಪ್ಪೆ ಎಲ್ಲ ಗೋಣಿಯಲ್ಲಿ ತುಂಬಿ ಬೇರೆ ಇಡಿ, ಬೆಂಕಿ ಹಿಡಿಸಲು ಅದೇ ಬೇಕು. ರಾಶಿಯನ್ನು ಮನೆಯ ಗೋಡೆಗೆ ತಾಗಿಸಬೇಡಿ, ನೆಲದಿಂದ ಒಂದು ಅಡಿ ಎತ್ತರದಲ್ಲಿ ಅಡ್ಡಕಟ್ಟಿಗೆಯ ಮೇಲೆ ಪೇರಿಸಿ. ಬಿಲಗಳಿಗೆ ನೀರು ನುಗ್ಗಿದಾಗ ಇಲಿ ಮೊದಲು ಬರುತ್ತದೆ, ಅದರ ಹಿಂದೆ ಹಾವು. ಕಟ್ಟಿಗೆ ತೆಗೆಯುವ ಮುನ್ನ ಕೋಲಿನಿಂದ ಒಮ್ಮೆ ತಟ್ಟುವ ಅಭ್ಯಾಸ ಮಕ್ಕಳಿಗೂ ಇರಲಿ.

ಬಿಸಿಲಿಗೆ ಹಾಕುವ ಕೆಲಸ

ತರಕಾರಿ ಬೆಲೆ ಜುಲೈಯಲ್ಲಿ ಏರುತ್ತದೆ. ಘಟ್ಟದಲ್ಲಿ ಮಣ್ಣು ಕುಸಿದು ಎರಡು ದಿನ ಲಾರಿ ನಿಂತರೆ ಟೊಮೆಟೊ ನೋಡಿ ಬರಬೇಕು, ತರಬಾರದು. ಮೀನಿನ ಕಥೆಯೂ ಅದೇ: ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳಿಗೆ ಕಡಲಿಗಿಳಿಯಲು ನಿಷೇಧ. ಮಲ್ಪೆ ಬಂದರಿನಲ್ಲಿ ಬೋಟುಗಳು ಒತ್ತಿ ನಿಂತಿರುವಾಗ ಪೇಟೆಯಲ್ಲಿ ಸಿಗುವ ಬಂಗುಡೆಗೆ ಬೆಲೆ ಕೇಳುವ ಧೈರ್ಯ ಬೇಕು. ಆದ್ದರಿಂದ ಒಣ ಸಿಗಡಿ, ಒಣ ನಂಗ್ ಮೀನು ಮೇ ತಿಂಗಳಲ್ಲೇ ತಂದು, ಮನೆಯಲ್ಲಿ ಇನ್ನೊಂದು ಬಿಸಿಲು ಕಾಣಿಸಿ, ಗಾಳಿಯಾಡದ ಡಬ್ಬಿಯಲ್ಲಿ ತುಂಬಿ. ಕೈಯಲ್ಲಿ ಮುರಿದರೆ ಚಟ್ ಎನ್ನಬೇಕು. ಬಾಗಿದರೆ ಇನ್ನೂ ತೇವ ಇದೆ, ಡಬ್ಬಿಯಲ್ಲಿ ಹುಳವಾಗುತ್ತದೆ.

ಹಲಸಿನ ಹಪ್ಪಳಕ್ಕೆ ಬೆಳೆದ ಕಾಯಿ ಬೇಕು, ಹಣ್ಣಾಗಲು ಶುರುವಾದದ್ದು ಬೇಡ. ಸೊಳೆ ಬೇಯಿಸಿ, ಬಿಸಿ ಇರುವಾಗಲೇ ಉಪ್ಪು, ಮೆಣಸು ಹಾಕಿ ರುಬ್ಬಿ, ಎರಡು ಪ್ಲಾಸ್ಟಿಕ್ ಹಾಳೆಯ ನಡುವೆ ಉಂಡೆ ಇಟ್ಟು ಮಣೆಯಿಂದ ಒತ್ತಿದರೆ ಆಯಿತು. ಓಲೆಯ ಚಾಪೆಯಲ್ಲಿ ಎರಡು ಮೂರು ಬಿಸಿಲು. ಒತ್ತುವುದು ಒಬ್ಬರ ಕೆಲಸವಲ್ಲ, ರಜೆಯಲ್ಲಿರುವ ಮಕ್ಕಳನ್ನು, ಪಕ್ಕದ ಮನೆಯವರನ್ನು ಸೇರಿಸಿಕೊಳ್ಳಿ. ಮುಂದಿನ ದಿನ ಅವರ ಮನೆಗೆ ನೀವು ಹೋಗಿ. ಕಾಗೆ ಓಡಿಸಲು ಕೂರಿಸಿದ ಮಗ ಅರೆ ಒಣಗಿದ ಹಪ್ಪಳ ತಿನ್ನುವುದು ಲೆಕ್ಕಕ್ಕಿಲ್ಲದ ಖರ್ಚು. ಅದನ್ನು ತಡೆಯಲು ಆಗುವುದಿಲ್ಲ, ಅತ್ತೆ ಹೇಳುವ ಪ್ರಕಾರ ತಡೆಯಲೂ ಬಾರದು.

ಉಪ್ಪುಸೊಳೆಗೆ ಬಿಸಿಲೂ ಬೇಡ. ತೊಳೆದು ನೀರು ಆರಿಸಿದ ಸೊಳೆ ಒಂದು ಪದರ, ಕಲ್ಲುಪ್ಪು ಒಂದು ಪದರ ಹೀಗೆ ಭರಣಿಯಲ್ಲಿ ತುಂಬಿ, ಮೇಲೆ ಭಾರ ಇಟ್ಟು ಬಾಯಿ ಕಟ್ಟಿ. ಸೊಳೆಯ ನೀರಿನಲ್ಲೇ ಅದು ಮುಳುಗಬೇಕು. ಆಟಿ ತಿಂಗಳಲ್ಲಿ (ಜುಲೈ–ಆಗಸ್ಟ್) ತೆಗೆದು ನೀರಿನಲ್ಲಿ ಹಾಕಿ ಉಪ್ಪು ಬಿಡಿಸಿದರೆ ಪಲ್ಯ, ರೊಟ್ಟಿ ಎಲ್ಲದಕ್ಕೂ ಆಯಿತು. ಹಲಸಿನ ಬೀಜವನ್ನು ಕೆಮ್ಮಣ್ಣು ಕಲಸಿದ ನೀರಿನಲ್ಲಿ ಅದ್ದಿ, ಒಣಗಿಸಿ ಮೂಲೆಯಲ್ಲಿಟ್ಟರೆ ತಿಂಗಳುಗಟ್ಟಲೆ ಇರುತ್ತದೆ. ಮಂಗಳೂರು ಸೌತೆಯನ್ನು ಬಾಳೆನಾರಿನಲ್ಲಿ ಕಟ್ಟಿ ಅಡುಗೆಮನೆಯ ಪಕ್ಕಾಸಿಗೆ ತೂಗುಹಾಕಿ, ಒಂದಕ್ಕೊಂದು ತಾಗಬಾರದು ಅಷ್ಟೆ. ಟೆರೇಸಿನ ಮನೆಯವರು ಕಿಟಕಿಯ ಸರಳಿಗೆ ಕಟ್ಟಬಹುದು. ನನ್ನ ತಂಗಿ ಮಂಗಳೂರಿನ ಫ್ಲ್ಯಾಟಿನ ಬಾಲ್ಕನಿಯಲ್ಲಿ ಬಟ್ಟೆ ಒಣಗಿಸುವ ಸಲಾಕೆಗೆ ಕಟ್ಟಿದ್ದಾಳೆ, ಕೆಳಗಿನ ಮನೆಯವರು ಇನ್ನೂ ತಲೆ ಎತ್ತಿ ನೋಡಿಕೊಂಡೇ ನಡೆಯುತ್ತಾರೆ.

ಬ್ಯಾಡಗಿ ಮೆಣಸು, ಕೊತ್ತಂಬರಿ, ಹುಣಸೆ, ಪುನರ್ಪುಳಿ ಸಿಪ್ಪೆ, ಹುರುಳಿ, ಎಲ್ಲಕ್ಕೂ ಒಂದೊಂದು ಗಟ್ಟಿ ಬಿಸಿಲು. ಬಿಸಿಲಿನಿಂದ ತೆಗೆದ ಕೂಡಲೇ ಡಬ್ಬಿಗೆ ಹಾಕಬೇಡಿ, ಬಿಸಿ ಆರಿದ ಮೇಲೆ ಹಾಕಿ. ಇಲ್ಲದಿದ್ದರೆ ಮುಚ್ಚಳದೊಳಗೆ ಬೆವರು ಕಟ್ಟುತ್ತದೆ. ಕುಚ್ಚಲಕ್ಕಿ ಎರಡು ತಿಂಗಳಿಗೆ ಬೇಕಾದಷ್ಟೇ ಸಾಕು. ಮೊದಲೆಲ್ಲ ಆಟಿಯಲ್ಲಿ ಅಕ್ಕಿಯೇ ಸಿಗುತ್ತಿರಲಿಲ್ಲ, ಈಗ ಹಾಗಿಲ್ಲ. ಭಯದಿಂದ ತುಂಬಿಟ್ಟ ಅಕ್ಕಿ ಕೊನೆಗೆ ಹುಳಕ್ಕೆ.

ಮಳೆ ಶುರುವಾದ ಮೇಲೆ ತೋಟ, ಬೇಲಿ, ಬಂಡೆ ಸಂದಿಯೇ ತರಕಾರಿ ಅಂಗಡಿ. ತಜಂಕ್ ಸೊಪ್ಪು, ಕೆಸು, ಕಣಿಲೆ (ಎಳೆ ಬಿದಿರು) ಎಲ್ಲ ಬರುತ್ತದೆ. ಕಣಿಲೆಯನ್ನು ಕತ್ತರಿಸಿ ಮೂರು ದಿನ ನೀರಿನಲ್ಲಿಟ್ಟು, ದಿನಾ ನೀರು ಬದಲಿಸಿ, ಬೇಯಿಸಿಯೇ ತಿನ್ನಬೇಕು. ಆಟಿ ಅಮಾವಾಸ್ಯೆಯ ಹಾಳೆ ಮರದ ಕಷಾಯಕ್ಕೆ ತೊಗಟೆಯನ್ನು ಮರ ಗೊತ್ತಿದ್ದವರಿಂದ ಮಾತ್ರ ತನ್ನಿ. ಕತ್ತಲಲ್ಲಿ ಹೋಗಿ ಕಾಸರಕನ ತೊಗಟೆ ತಂದರೆ ಅದು ವಿಷ.

ಬಾವಿ

ಮಳೆಗಾಲದಲ್ಲಿ ಬಾವಿ ತುಂಬಿ ಕೈಗೆಟಕುವ ಹಾಗೆ ಬರುತ್ತದೆ. ನೋಡಲು ಸಂತೋಷ, ಕುಡಿಯಲು ಅಲ್ಲ. ಅಂಗಳದ ನೀರು, ಪಕ್ಕದ ಇಂಗುಗುಂಡಿಯ ನೀರು ಎಲ್ಲ ಅದರೊಳಗೆ ಇಳಿಯುವ ಕಾಲ ಅದು. ಕಟ್ಟೆಯ ಬಿರುಕು ಮುಚ್ಚಿಸಿ, ಬಲೆ ಹಾಕಿಸಿ, ಮತ್ತೆ ಬ್ಲೀಚಿಂಗ್ ಪೌಡರಿನ ಲೆಕ್ಕ ಕಲಿಯಿರಿ. ಕಣ್ಣಳತೆಯಲ್ಲಿ ಹಾಕಿದರೆ ಒಂದೋ ವಾಸನೆಗೆ ಕುಡಿಯಲಾಗುವುದಿಲ್ಲ, ಇಲ್ಲವೇ ಹಾಕಿಯೂ ಪ್ರಯೋಜನವಿಲ್ಲ.

ಬಾವಿಯ ವ್ಯಾಸವನ್ನು ಮೀಟರಿನಲ್ಲಿ ಅಳೆಯಿರಿ. ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಸಿ, ಒದ್ದೆಯಾದ ಭಾಗ ಅಳೆದರೆ ನೀರಿನ ಆಳ ಸಿಗುತ್ತದೆ. ವ್ಯಾಸವನ್ನು ವ್ಯಾಸದಿಂದ ಗುಣಿಸಿ, ಆಳದಿಂದ ಗುಣಿಸಿ, ಮತ್ತೆ 785ರಿಂದ ಗುಣಿಸಿ. ಬಂದದ್ದು ಲೀಟರ್. ನಮ್ಮ ಬಾವಿ ಎರಡೂವರೆ ಮೀಟರ್ ಅಗಲ, ಜೂನ್ ಆರಂಭದಲ್ಲಿ ನೀರು ನಾಲ್ಕು ಮೀಟರ್. ಸುಮಾರು 19,600 ಲೀಟರ್ ಆಯಿತು. ಒಳ್ಳೆಯ ಬ್ಲೀಚಿಂಗ್ ಪೌಡರ್ ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಲೆಕ್ಕದಲ್ಲಿ 50 ಗ್ರಾಂ ಸಾಕು. ಜುಲೈಯಲ್ಲಿ ನೀರು ಏಳು ಮೀಟರಿಗೆ ಏರಿದರೆ 85 ಗ್ರಾಂ ಬೇಕಾಗುತ್ತದೆ, ಹಾಗಾಗಿ ಹಗ್ಗದ ಅಳತೆ ಪ್ರತಿ ಸಲವೂ ಮಾಡಿ.

ಪುಡಿಯನ್ನು ನೇರ ಬಾವಿಗೆ ಎಸೆಯಬೇಡಿ. ಪ್ಲಾಸ್ಟಿಕ್ ಬಕೆಟಿನಲ್ಲಿ ಸ್ವಲ್ಪ ನೀರು ಹಾಕಿ ಹಿಟ್ಟಿನ ಹಾಗೆ ಕಲಸಿ, ಮುಕ್ಕಾಲು ಬಕೆಟ್ ನೀರು ತುಂಬಿ ಕದಡಿ, ಹತ್ತು ನಿಮಿಷ ಬಿಡಿ. ಸುಣ್ಣ ತಳಕ್ಕೆ ಕೂರುತ್ತದೆ. ಮೇಲಿನ ತಿಳಿ ನೀರನ್ನು ಇನ್ನೊಂದು ಬಕೆಟಿಗೆ ಬಗ್ಗಿಸಿ, ಅದನ್ನು ಬಾವಿಗೆ ಇಳಿಸಿ, ಮೇಲೆ ಕೆಳಗೆ ಎಳೆದಾಡಿ ಬೆರೆಸಿ. ತಳದ ಸುಣ್ಣ ಬಾವಿಗೆ ಬೇಡ, ಅದರಿಂದ ನೀರು ಗಡಸಾಗುತ್ತದೆ. ಕಡಿಮೆಯೆಂದರೆ ಒಂದು ಗಂಟೆ ನೀರು ಸೇದಬಾರದು. ರಾತ್ರಿ ಊಟವಾದ ಮೇಲೆ ಹಾಕಿದರೆ ಯಾರಿಗೂ ತೊಂದರೆಯಿಲ್ಲ. ಪುಡಿ ಹಳತಾದರೆ ಅದರ ಶಕ್ತಿ ಹೋಗುತ್ತದೆ, ಒಂದು ಕಿಲೋಗಿಂತ ಹೆಚ್ಚು ತರಬೇಡಿ, ಬಾಯಿ ಬಿಗಿದಿಡಿ. ಇಷ್ಟಾದರೂ ಕುಡಿಯುವ ನೀರು ಕುದಿಸಿಯೇ ಕುಡಿಯಿರಿ.

ಕರೆಂಟು

ಮೇ ತಿಂಗಳ ಸಂಜೆಯ ಸಿಡಿಲು ಜುಲೈ ಮಳೆಗಿಂತ ಅಪಾಯ. ಮಿಂಚು ಕಂಡ ಮೇಲೆ ಎಣಿಸಿ. 30 ಎಣಿಸುವುದರೊಳಗೆ ಗುಡುಗು ಕೇಳಿದರೆ ಸಿಡಿಲು ಹತ್ತು ಕಿಲೋಮೀಟರ್ ಒಳಗೆ ಬಂದಿದೆ, ಅಂಗಳದ ಹಪ್ಪಳ ಬಿಟ್ಟು ಒಳಗೆ ಬನ್ನಿ. ಸಿಡಿಲಿನ ಮುನ್ಸೂಚನೆಗೆ ದಾಮಿನಿ ಎಂಬ ಪುಕ್ಕಟೆ ಆ್ಯಪ್ ಉಂಟು. ಟಿವಿ, ಫ್ರಿಜ್ಜು, ಪಂಪು, ಇಂಟರ್‌ನೆಟ್ಟಿನ ಮೋಡೆಮ್ ಎಲ್ಲದರ ಪ್ಲಗ್ಗು ಮೊದಲೇ ಕಿತ್ತಿಡಿ, ಸ್ವಿಚ್ಚು ಆಫ್ ಮಾಡಿದರೆ ಸಾಲದು. ಮೋಡೆಮ್ ಎಲ್ಲರೂ ಮರೆಯುತ್ತಾರೆ.

ಒಂದೇ ಒಂದು ವಸ್ತುವಿಗೆ ಖರ್ಚು ಮಾಡಲು ಸಾಧ್ಯ ಎಂದಾದರೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸಿ. ಒದ್ದೆ ಗೋಡೆಯಿಂದ, ಪಂಪಿನಿಂದ ಕರೆಂಟು ಸೋರಿದರೆ ಕಣ್ಣು ಮಿಟುಕಿಸುವುದರೊಳಗೆ ಈ ಸ್ವಿಚ್ಚು ಬಿದ್ದು ಕರೆಂಟು ಕಡಿಯುತ್ತದೆ. ಈಗಾಗಲೇ ಇದ್ದವರು ಅದರ ಟೆಸ್ಟ್ ಬಟನ್ ಒತ್ತಿ ನೋಡಿ. ಒತ್ತಿದಾಗ ಬೀಳದಿದ್ದರೆ ಅದು ಪೆಟ್ಟಿಗೆಯೊಳಗಿನ ಬೊಂಬೆ. ತಂತಿಗೆ ತಾಗುವ ಗೆಲ್ಲುಗಳನ್ನು ಸ್ವಂತ ಕಡಿಯಬೇಡಿ, ವಿದ್ಯುತ್ ಕಂಪನಿ ಮೆಸ್ಕಾಂಗೆ ತಿಳಿಸಿ. ಸಹಾಯವಾಣಿ 1912.

ಬಟ್ಟೆ, ಕೊಡೆ, ಜ್ವರ

ಮೂರೂ ಒಂದೇ ಕಡೆ ಬರೆಯುತ್ತಿದ್ದೇನೆ, ಯಾಕೆಂದರೆ ಮೂರೂ ಶಾಲೆಗೆ ಹೋಗುವ ಮಕ್ಕಳಿಂದಲೇ ಮನೆಗೆ ಬರುತ್ತವೆ. ಕಳೆದ ವರ್ಷದ ಕೊಡೆಗಳನ್ನು ಬಿಚ್ಚಿ ನೋಡಿ. ಕಡ್ಡಿ ಮುರಿದದ್ದನ್ನು ರಸ್ತೆ ಬದಿ ಕೂರುವ ಕೊಡೆ ರಿಪೇರಿಯವರಿಗೆ ಮೇ ಒಳಗೆ ಕೊಡಿ. ಸಮವಸ್ತ್ರ ಒಂದು ಜೊತೆ ಹೆಚ್ಚು ಹೊಲಿಸುವ ಬದಲು ಬಚ್ಚಲ ಒಲೆಯ ಮೇಲಿನ ಜಾಗದಲ್ಲಿ ಎರಡು ಸಾಲು ಹಗ್ಗ ಕಟ್ಟಿ. ಸಂಜೆ ಒಗೆದದ್ದು ಬೆಳಿಗ್ಗೆ ಒಣಗಿರುತ್ತದೆ, ಸ್ವಲ್ಪ ಹೊಗೆ ವಾಸನೆ ಬರುತ್ತದೆ. ಇಡೀ ತರಗತಿಯೇ ಹಾಗೆ ಇರುವಾಗ ಯಾರಿಗೂ ಗೊತ್ತಾಗುವುದಿಲ್ಲ. ಚರ್ಮದ ಚಪ್ಪಲಿ, ಬೆಲ್ಟುಗಳನ್ನು ಬಿಸಿಲು ಕಾಣಿಸಿ ಮೇಲಿಡಿ. ರೇಷ್ಮೆ ಸೀರೆಯ ಕಪಾಟಿನಲ್ಲಿ ಹಳೆ ಬಟ್ಟೆಯಲ್ಲಿ ಕಟ್ಟಿದ ಇದ್ದಿಲು ಇಟ್ಟರೆ ತೇವ ಎಳೆಯುತ್ತದೆ. ಆಧಾರ್, ಆರ್‌ಟಿಸಿ, ಅಂಕಪಟ್ಟಿ ಎಲ್ಲ ಪ್ಲಾಸ್ಟಿಕ್ ಕವರಿನಲ್ಲಿ, ಮೇಲಿನ ಅಟ್ಟದಲ್ಲಿ.

ಡೆಂಗಿ ಸೊಳ್ಳೆ ತಿಳಿ ನೀರಿನಲ್ಲಿ ಮೊಟ್ಟೆಯಿಡುತ್ತದೆ, ಗೆರಟೆಯ ನೀರು ಸಾಕು. ಮೊಟ್ಟೆ ಸೊಳ್ಳೆಯಾಗಿ ಹಾರಲು ಒಂದು ವಾರದಿಂದ ಹತ್ತು ದಿನ. ಹಾಗಾಗಿ ವಾರಕ್ಕೊಂದು ದಿನ ಗೊತ್ತುಮಾಡಿ, ಅಂದು ಗೆರಟೆ, ಅಡಿಕೆ ಹಾಳೆ, ಟಯರು, ಹೂವಿನ ಕುಂಡದ ತಟ್ಟೆ, ಫ್ರಿಜ್ಜಿನ ಹಿಂದಿನ ತಟ್ಟೆ ಎಲ್ಲ ಬಗ್ಗಿಸಿ. ಬರೀ ಬಗ್ಗಿಸಿದರೆ ಸಾಲದು, ಒಳಗೋಡೆ ತಿಕ್ಕಿ. ಮೊಟ್ಟೆ ಒಣಗಿಯೂ ತಿಂಗಳುಗಟ್ಟಲೆ ಬದುಕುತ್ತದೆ. ಗದ್ದೆಗೆ, ತೋಟಕ್ಕೆ ಇಳಿಯುವವರಿಗೆ ಇಲಿಜ್ವರದ ಭಯ ಬೇರೆ. ಕಾಲಿನ ಗಾಯ ಮುಚ್ಚಿಕೊಂಡೇ ಇಳಿಯಬೇಕು. ಮಳೆಗಾಲದ ಜ್ವರಕ್ಕೆ ಮೆಡಿಕಲ್‌ನಿಂದ ಮಾತ್ರೆ ತಂದು ಮೂರು ದಿನ ಕಾಯುವುದು ಉಳಿತಾಯವಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಮೊದಲ ದಿನವೇ ಹೋಗಿ.

ರೆಡ್ ಅಲರ್ಟ್ ಎಂದರೆ

ಹವಾಮಾನ ಇಲಾಖೆಯ ಬಣ್ಣಗಳನ್ನು ನಾವು ಶಾಲೆಗೆ ರಜೆಯೋ ಅಲ್ಲವೋ ಎಂದು ನೋಡಲು ಮಾತ್ರ ಬಳಸುತ್ತೇವೆ. ಅಳತೆ ಗೊತ್ತಿದ್ದರೆ ಒಳ್ಳೆಯದು. 24 ಗಂಟೆಯಲ್ಲಿ 115.6ರಿಂದ 204.4 ಮಿಲಿಮೀಟರ್ ಬಿದ್ದರೆ ಅದು ಅತಿ ಭಾರಿ ಮಳೆ, ಆರೆಂಜ್ ಬರುವುದು ಇಂಥದ್ದಕ್ಕೆ. ಅದಕ್ಕೂ ಮೀರುವ ಸೂಚನೆಯಿದ್ದರೆ ರೆಡ್. 2018ರ ಮೇ 29ರಂದು ಮಂಗಳೂರು, 2020ರ ಸೆಪ್ಟೆಂಬರ್ 20ರಂದು ಉಡುಪಿ ನೀರಿನಲ್ಲಿ ಮುಳುಗಿದ್ದನ್ನು ನೋಡಿದವರಿಗೆ ವಿವರಣೆ ಬೇಡ. ತಾರೀಕು ಗಮನಿಸಿ: ಒಂದು ಮಳೆಗಾಲ ಶುರುವಾಗುವ ಮೊದಲು, ಇನ್ನೊಂದು ಎಲ್ಲ ಮುಗಿಯಿತು ಎಂದುಕೊಂಡ ಮೇಲೆ.

ರೆಡ್ ಬಂದ ಸಂಜೆ ಫೋನು, ಟಾರ್ಚು ಚಾರ್ಜು ಮಾಡಿ, ಕುಡಿಯುವ ನೀರು ತುಂಬಿಸಿ, ಅಕ್ಕಿ ಡಬ್ಬಿಯನ್ನು ನೆಲದಿಂದ ಮೇಲೆತ್ತಿ, ದನವಿದ್ದರೆ ಹಗ್ಗ ಸಡಿಲಿಸಿ. ತಗ್ಗಿನ ಮನೆಯವರು ಮೇನ್ ಸ್ವಿಚ್ಚು ಯಾರು ಆಫ್ ಮಾಡುವುದೆಂದು ಮೊದಲೇ ಮಾತಾಡಿಕೊಳ್ಳಿ. ಜಿಲ್ಲಾ ಕಂಟ್ರೋಲ್ ರೂಮಿನ 1077, ತುರ್ತಿಗೆ 112 ಎರಡನ್ನೂ ಅಡುಗೆಮನೆಯ ಗೋಡೆಯ ಮೇಲೆ ದೊಡ್ಡದಾಗಿ ಬರೆಯಿರಿ. ಫೋನಿನಲ್ಲಿ ಸೇವ್ ಮಾಡಿದ್ದು ಅತ್ತೆಗೆ ಕಾಣುವುದಿಲ್ಲ.

ಇನ್ನು ಒಂದು ಕೆಲಸ ಉಳಿಯಿತು. ಮೇ ತಿಂಗಳಲ್ಲಿ ಒಂದಾದರೂ ರಾತ್ರಿ ಗುಡುಗು ಸಹಿತ ಜೋರು ಮಳೆ ಬರುತ್ತದೆ. ಕರೆಂಟು ಹೋಗುತ್ತದೆ, ಎಲ್ಲರೂ ಎದ್ದಿರುತ್ತೀರಿ. ಗುಡುಗು ದೂರ ಹೋದ ಮೇಲೆ ಟಾರ್ಚು ಹಿಡಿದು ಮನೆಯೊಳಗೆ ಒಂದು ಸುತ್ತು ಹೋಗಿ. ಎಲ್ಲಿ ಹನಿ ಬೀಳುತ್ತದೋ ಅದರ ನೇರ ಕೆಳಗೆ ನೆಲದ ಮೇಲೆ ಚಾಕ್‌ನಿಂದ ಗುರುತು ಹಾಕಿ, ಗೋಡೆಯಲ್ಲಿ ತೇವ ಎಲ್ಲಿಯವರೆಗೆ ಇಳಿಯಿತೆಂದು ಗೆರೆ ಎಳೆಯಿರಿ. ಸಾಮಾನ್ಯವಾಗಿ ಅದರ ಮರುದಿನ ಮತ್ತೆ ಬಿಸಿಲು ಬರುತ್ತದೆ. ಹಂಚಿನವರಿಗೆ ಫೋನ್ ಮಾಡಬೇಕಾದದ್ದು ಆ ಬೆಳಿಗ್ಗೆ, ಏಳು ಗಂಟೆಯೊಳಗೆ. ಎಂಟಕ್ಕೆ ಮಾಡಿದರೆ ಅವರು ಆಗಲೇ ಬೇರೆಯವರ ಮನೆಯ ಮಾಡಿನ ಮೇಲಿರುತ್ತಾರೆ.